ಮಂಡಕ್ಕಿ ತಿನ್ನೋಕೂ ಕೀಲು ಬೇಕಲ್ರೀ

ಸಂಪಾದಕರೇ,

ಹೋದ ವಾರ ಒಂದನೇ ಕ್ಲಾಸಿನ ನನ್ನ ಮೊಮ್ಮಗಳು 'ಎರಡು ಮೂಳೆಗಳು ಸೇರುವ ಜಾಗವೇ ಕೀಲು' ಅಂತ ಹತ್ತು ಸಲ ಬರೀತಾ ಕೂತಿದ್ಲು, ನಿನ್ನ ಕೀಲು ಎಲ್ಲೈತೆ ತೋರ್ಸವ್ವ ಅಂದ್ರೆ ಬುಕ್ಕಿನ ಚಿತ್ರ ತೋರಿಸ್ತಾಳೆ!

ಸಂಜೆ ಮಂಡಕ್ಕಿ ಮಿರ್ಚಿ ತಂದಿದ್ವಿ, ದಾವಣಗೆರೇಲಿ ಅದಿಲ್ದೆ ಸಂಜೆನೇ ಆಗಲ್ಲ ಬಿಡ್ರಿ. ಅವಳ ಎರಡೂ ಮೊಣಕೈಗೆ ಹಳೇ ಪೇಪರ್ (ನಿಮ್ದೇ, ಬೇಜಾರಾಗ್ಬೇಡಿ) ದಪ್ಪಗೆ ಸುತ್ತಿ ಟೇಪ್ ಹಾಕಿ ಈಗ ತಿನ್ನು ಅಂದೆ. ಮುಷ್ಟಿ ತುಂಬ ಹಿಡ್ಕೊಂಡ್ಳು, ಕೈ ಕಂಬದ ಥರ ನೆಟ್ಟಗೆ, ಬಾಯಿ ಹತ್ರ ಬರ್ಲೇ ಇಲ್ಲ, ಕೊನೆಗೆ ಮೇಲಕ್ಕೆ ಎಸೆದು ಬಾಯಿ ತೆರೆದ್ಲು, ಅರ್ಧ ಮಂಡಕ್ಕಿ ತಲೆ ಮೇಲೆ. ನಕ್ಕು ನಕ್ಕು ಸುಸ್ತು. ಆಮೇಲೆ ಅವಳೇ ಬಾಗಿಲು ತೆಗೆದು ಹಾಕಿ ನೋಡಿ, ಮೊಣಕೈನೂ ಹಿಂಗೇ ಒಂದೇ ಕಡೆ ಮಡಚುತ್ತೆ ತಾತ ಅಂದ್ಲು. ಭುಜ ಮಾತ್ರ ಸುತ್ತಲೂ ತಿರುಗುತ್ತಲ್ಲ ಯಾಕೆ ಅಂದ್ಲು, ಒರಳಲ್ಲಿ ಗುಂಡು ಕೂತಂಗೆ ತೋಳಿನ ಮೂಳೆಯ ಗುಂಡು ತುದಿ ಭುಜದ ಕುಳಿಯಲ್ಲಿ ಕೂತಿರುತ್ತೆ ಅಂತ ತೋರಿಸ್ದೆ, ಸೊಂಟದ ಹತ್ರ ತೊಡೆ ಕೀಲೂ ಅಂಥದ್ದೇ. ದೊಡ್ಡೋರ ಮೈಯಲ್ಲಿ 206 ಮೂಳೆ ಅನ್ನೋದು ಅವಳಿಗೆ ಈಗ್ಲೇ ಬೇಕಾಗಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿಗೆ ನಲಿ-ಕಲಿ ಅಂತ ಐತೆ, ಆಟ ಆಡ್ತಾ ಕಲಿಯೋದು. ಫೀಸು ಕಟ್ಟೋ ನಮ್ಮ ಮಕ್ಕಳಿಗೆ ಮಾತ್ರ ಹತ್ತು ಸಲ ಬರೆಯೋ ಹೋಮ್‌ವರ್ಕ್ ಯಾಕ್ರೀ? ಟೀಚರ್‌ಗಳು ಒಂದು ದಿನ ಪೇಪರು, ಟೇಪು ಹಿಡ್ಕೊಂಡು ಕ್ಲಾಸಿಗೆ ಹೋಗಲಿ. ಮಂಡಕ್ಕಿ ನಾನು ಕಳಿಸ್ತೀನಿ.

– ಒಬ್ಬ ಅಜ್ಜ, ದಾವಣಗೆರೆ