ಮೀಸೆಗೆ ಅರ್ಧ ಪೇಜು, ಸತ್ತೋರಿಗೆ ಒಂದು ಲೈನು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪುರವಣೀಲಿ ಬಂದ ರಾಜ್ಯ ನಡುಗಿಸಿದ ಪಾತಕಿಗಳ ಕಥೆ ಪೂರ್ತಿ ಓದಿದೆ. ಮೊದ್ಲು ಒಂದು ತಪ್ಪು ಹೇಳ್ಬಿಡ್ತೀನಿ. ಅಣ್ಣಾವ್ರು (ಡಾ. ರಾಜ್‌ಕುಮಾರ್) ಕಾಡಲ್ಲಿದ್ದಿದ್ದು "ಸುಮಾರು ನೂರು ದಿನ" ಅಂತ ಹಾಕಿದ್ದೀರ, ಸುಮಾರು ಗಿಮಾರು ಏನಿಲ್ಲ ಸಾರ್, 108 ದಿನ. 2000ದ ಜುಲೈ 30, ಭಾನುವಾರ ರಾತ್ರಿ ಕಾಡುಗಳ್ಳ ವೀರಪ್ಪನ್ ಗಾಜನೂರಿಂದ ಎತ್ಹಾಕ್ಕೊಂಡು ಹೋದ, ಬಿಟ್ಟಿದ್ದು ನವೆಂಬರ್ 15ಕ್ಕೆ. ನಮ್ಮಮ್ಮ ಅಡುಗೆಮನೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕ ಬರೆಯೋ ಪೆನ್ಸಿಲಲ್ಲೇ ದಿನಾ ಒಂದೊಂದು ಗೀಟು ಹಾಕ್ತಿದ್ರು, ಹಾಲು ಬರದಿದ್ರೆ ಸೊನ್ನೆ, ಅಣ್ಣಾವ್ರು ಬರದಿದ್ರೆ ಗೀಟು, ಆ ಕ್ಯಾಲೆಂಡರ್ ಇನ್ನೂ ಅಟ್ಟದ ಮೇಲಿದೆ.

ಅದಿರ್ಲಿ, ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ವೀರಪ್ಪನ್ ಮೀಸೆಗೆ ಅರ್ಧ ಪೇಜು ಕೊಟ್ಟಿದ್ದೀರ, ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಪಿ. ಶ್ರೀನಿವಾಸ್ ಅವರಿಗೆ "ಅರಣ್ಯಾಧಿಕಾರಿಯೊಬ್ಬರನ್ನು ಕೊಂದ" ಅಂತ ಒಂದೇ ಲೈನು, ಹೆಸರೂ ಇಲ್ಲ. ಆ ಮನುಷ್ಯ ವೀರಪ್ಪನ್ ಹುಟ್ಟೂರು ಗೋಪಿನಾಥಂಗೇ ಹೋಗಿ ಅಲ್ಲಿನ ಜನರ ಜೊತೆ ಬೆರೆತು, ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟು, ಕಾಯಿಲೆ ಬಿದ್ದೋರಿಗೆ ಔಷಧಿ ಕೊಡಿಸಿ, ಗನ್ನಿಲ್ದೆನೂ ಇವರನ್ನ ಸರಿ ಮಾಡ್ಬಹುದು ಅಂತ ನಂಬಿದ್ರು. ಶರಣಾಗ್ತೀನಿ ಅಂತ ವೀರಪ್ಪನ್ ಹೇಳಿ ಕಳ್ಸಿದ, ಇವರು ಆಯುಧ ಇಲ್ದೆ ಹೋದ್ರು, 1991ರ ನವೆಂಬರ್ 10ಕ್ಕೆ ತಲೆ ಕಡ್ದ. ಆಮೇಲೆ ಸರ್ಕಾರ ಕೀರ್ತಿಚಕ್ರ ಕೊಡ್ತು. ಇದರಲ್ಲಿ ಕಥೆ ಇಲ್ವಾ ಸಾರ್? 1993ರ ಏಪ್ರಿಲಲ್ಲಿ ಪಾಲಾರ್ ಹತ್ರ ನೆಲಬಾಂಬಿಗೆ ಸತ್ತ 22 ಜನ ನಿಮ್ಮಲ್ಲಿ ಬರೀ ನಂಬರ್ ಆಗಿದ್ದಾರೆ. ವೀರಪ್ಪನ್‌ನ ಹಿಡಿಯೋ ಹೆಸರಲ್ಲಿ ಪೊಲೀಸರ ವಿಶೇಷ ಪಡೆ ಎಸ್‌ಟಿಎಫ್ ಕೈಗೆ ಸಿಕ್ಕಿ ನರಳಿದ ಹಳ್ಳಿಯೋರಂತೂ ಒಂದು ಲೈನಲ್ಲೂ ಇಲ್ಲ, ಮಾನವ ಹಕ್ಕು ಆಯೋಗ ನೇಮಿಸಿದ್ದ ಸದಾಶಿವ ಸಮಿತಿ ಅವರ ಗೋಳು ಕೇಳಿತ್ತು, ಆಯೋಗ 2007ರಲ್ಲಿ 89 ಜನಕ್ಕೆ ಪರಿಹಾರಾನೂ ಕೊಡಿಸ್ತು.

ಇನ್ನು ಸಯನೈಡ್ ಮೋಹನ್‌ನ "ಚಾಲಾಕಿ ಮೇಷ್ಟ್ರು" ಅಂತ ಕರೆದಿದ್ದೀರಲ್ಲ, ಅದನ್ನ ಓದಿ ಮೈ ಉರೀತು. ಎಂಥ ಚಾಲಾಕಿ? ಮದುವೆ ಆಗ್ತೀನಿ ಅಂತ ಬಡವರ ಮನೆ ಹೆಣ್ಮಕ್ಕಳನ್ನ ಕರ್ಕೊಂಡು ಹೋಗಿ ಒಂದು ರಾತ್ರಿ ಲಾಡ್ಜಲ್ಲಿದ್ದು, ಬೆಳಿಗ್ಗೆ ಬಸ್‌ಸ್ಟ್ಯಾಂಡಲ್ಲಿ ಬಸುರಾಗದ ಮಾತ್ರೆ ಅಂತ ಸಯನೈಡ್ ಕೊಟ್ಟು, ಟಾಯ್ಲೆಟ್‌ಗೆ ಹೋಗಿ ನುಂಗು ಅಂತಿದ್ದ, ಲಾಡ್ಜಲ್ಲಿ ಬಿಚ್ಚಿಸಿಟ್ಟ ಒಡವೆ ಎತ್ಕೊಂಡು ಹೊರಟುಬಿಡ್ತಿದ್ದ. ಮೈಸೂರಲ್ಲಿ, ಮಡಿಕೇರೀಲಿ ಬಸ್‌ಸ್ಟ್ಯಾಂಡ್ ಟಾಯ್ಲೆಟ್ಟಲ್ಲಿ ಹೆಣ ಸಿಕ್ರೆ ಅನುಮಾನಾಸ್ಪದ ಸಾವು ಅಂತಲೋ ಆತ್ಮಹತ್ಯೆ ಅಂತಲೋ ಬರ್ಕೊಂಡು ಮುಗಿಸ್ತಿದ್ರು, ಎಷ್ಟೋ ಮನೆಯೋರು ಮರ್ಯಾದೆಗೆ ಅಂಜಿ ಕಂಪ್ಲೇಂಟೇ ಕೊಡ್ಲಿಲ್ಲ. 2003ರಿಂದ 2009, 20 ಜನ. ಬಂಟ್ವಾಳದ ಕಡೆ ಒಂದು ಹುಡುಗಿ ಕಾಣೆಯಾಗಿ, ಆ ಊರೋರು ಬಿಡದೆ ಹಿಂದೆ ಬಿದ್ದಿದ್ಕೆ ಅವನು ಸಿಕ್ಕಿದ್ದು, ಇಲ್ಲಾಂದ್ರೆ ಇನ್ನೆಷ್ಟೋ. ಅವನು ಬುದ್ಧಿವಂತ ಅಲ್ಲ ಸಾರ್, ಈ ಹೆಣ್ಮಕ್ಕಳನ್ನ ಯಾರೂ ಹುಡುಕಲ್ಲ ಅಂತ ಅವನಿಗೆ ಗೊತ್ತಿತ್ತು ಅಷ್ಟೇ.

ಮೊನ್ನೆ ರಾಜಾಜಿನಗರದಲ್ಲಿ ನಮ್ಮ ಮನೆ ಪಕ್ಕದ ಕಟಿಂಗ್ ಶಾಪಲ್ಲಿ ಒಬ್ಬ ಪಿಯುಸಿ ಹುಡುಗ ನಿಮ್ಮ ಪುರವಣಿ ಹಿಡ್ಕೊಂಡು "ಅಣ್ಣ, ಹಿಂಗೇ ಮೀಸೆ ಸೆಟ್ ಮಾಡು" ಅಂತಿದ್ದ. ಅಂಗಡಿಯೋನು "ಮೊದ್ಲು ಬರ್ಲಿ ಬಿಡಪ್ಪಾ" ಅಂದ, ಎಲ್ರೂ ನಕ್ರು, ನಾನೂ ನಕ್ಕೆ, ಸುಳ್ಳು ಯಾಕೆ ಹೇಳ್ಲಿ.

ಮುಂದಿನ ಕಂತಲ್ಲಿ ಬೆಂಗಳೂರಿನ ರೌಡಿಗಳು ಅಂತ ಹಾಕಿದ್ದೀರ. ಜಯರಾಜ್, ಕೊತ್ವಾಲ್ ಕಥೆ ನಾವು ಕೇಳಿ ಕೇಳಿ ಬಾಯಿಪಾಠ ಆಗಿದೆ, ಆ ಕಾಲದಲ್ಲಿ ಮಾಮೂಲು ಕೊಟ್ಟು ಅಂಗಡಿ ನಡೆಸಿದೋರು ಇನ್ನೂ ಇದ್ದಾರೆ, ಅವರನ್ನ ಮಾತಾಡ್ಸಿ. ಮತ್ತೆ ಆ 108ರ ತಿದ್ದುಪಡಿ ಹಾಕೋದು ಮರೀಬೇಡಿ, ಅಮ್ಮ ದಿನಾ ಪೇಪರ್ ತೆಗೆದು ನೋಡ್ತಿದ್ದಾರೆ.

ಇಂತಿ,
ನಿಮ್ಮ ಹಳೇ ಓದುಗ
ರಾಜಾಜಿನಗರ, ಬೆಂಗಳೂರು