ಕ್ಲ್ಯಾಮ್ ಬೆಲೆ ಏಕೆ ಏರಿತು, ಬಂದ ದಿನವೇ ಏಕೆ ಕೊಡುವುದಿಲ್ಲ: ನಮ್ಮ ಕನ್ನಡದ ಗ್ರಾಹಕರಿಗೆ

ಪ್ರಿಯ ಗ್ರಾಹಕರೇ,

ಜಯಂಟ್ ಕ್ಲ್ಯಾಮ್‌ಗಳ (ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕುವ ದೊಡ್ಡ ಕಡಲ ಚಿಪ್ಪುಜೀವಿಗಳು) ಬೆಲೆ, ಮಾರಾಟದ ಹೊಸ ನಿಯಮ ತಿಳಿಸುವ ನಮ್ಮ ಅಂಗಡಿಯ ಇಂಗ್ಲಿಷ್ ಪತ್ರ ಕಳೆದ ವಾರವೇ ಎಲ್ಲರಿಗೂ ಹೋಗಿದೆ. ಅದನ್ನು ಓದಿ ಫೋನ್ ಮಾಡಿದವರಲ್ಲಿ ಸುಮಾರು ಜನ ಕನ್ನಡದಲ್ಲೇ ಬೈದಿರಿ. ಡಾಲಸ್‌ನಲ್ಲಿ ಕೂತು ಕನ್ನಡದಲ್ಲಿ ಬೈಸಿಕೊಳ್ಳುವುದೂ ಒಂದು ಭಾಗ್ಯವೇ. ಹಾಗಾಗಿ ಉತ್ತರವೂ ಕನ್ನಡದಲ್ಲೇ ಇರಲಿ.

ವಿಷಯ ಇಷ್ಟು. ಬರುವ ತಿಂಗಳಿಂದ ಜಯಂಟ್ ಕ್ಲ್ಯಾಮ್‌ಗಳನ್ನು ಬಂದ ದಿನವೇ ಮಾರುವುದಿಲ್ಲ. ಕನಿಷ್ಠ 3 ವಾರ ನಮ್ಮ ಟ್ಯಾಂಕಿನಲ್ಲೇ ಇರುತ್ತವೆ. 2 ಇಂಚಿಗಿಂತ ಚಿಕ್ಕದನ್ನು ತರಿಸುವುದೇ ಇಲ್ಲ. ಕೊಳ್ಳುವ ಮೊದಲು ನಿಮ್ಮ ಟ್ಯಾಂಕಿನ ನೀರು ತಂದು ತೋರಿಸಬೇಕು. ಬೆಲೆ ಕಾಲು ಭಾಗ ಜಾಸ್ತಿಯಾಗುತ್ತದೆ. ನಿಮಗೆ ತೊಂದರೆ, ಗೊತ್ತು. ಅದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ನಿರ್ಧಾರ ಬದಲಾಗುವುದಿಲ್ಲ.

ಮೊದಲು ದುಡ್ಡಿನ ಮಾತು, ಯಾಕೆಂದರೆ ಬೈಗುಳವೆಲ್ಲ ಅದಕ್ಕೇ. ನಮ್ಮ ಡೆರಾಸಾ ಜಾತಿಯ ಕ್ಲ್ಯಾಮ್ ಬರುವುದು ಪೆಸಿಫಿಕ್ ಸಾಗರದ ಪಲಾವ್ ದ್ವೀಪದೇಶದಿಂದ. ಅಲ್ಲಿ ಅವನ್ನು ಮರಿಯಿಂದ ಸಾಕಿ ಬೆಳೆಸುತ್ತಾರೆ. ಸಾಕಿದ್ದೇ ಆದರೂ ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪರವಾನಗಿ ಬೇಕು. ಜಯಂಟ್ ಕ್ಲ್ಯಾಮ್‌ನ ಎಲ್ಲ ಜಾತಿಗಳೂ 1985ರಿಂದ ಅದರ ಎರಡನೇ ಪಟ್ಟಿಯಲ್ಲಿವೆ. ಅದರ ಮೇಲೆ ವಿಮಾನದ ಬಾಡಿಗೆ. ಬಾಡಿಗೆ ಕ್ಲ್ಯಾಮ್‌ಗೆ ಮಾತ್ರ ಅಲ್ಲ, ಅದರ ಸುತ್ತ ತುಂಬಿದ ನೀರಿಗೂ ಕೊಡಬೇಕು. ಇಲ್ಲಿಗೆ ಬಂದ ಮೇಲೆ ವನ್ಯಜೀವಿ ಇಲಾಖೆಯ ತಪಾಸಣೆ, ಅದರ ಶುಲ್ಕ. ಒಂದು ವಿಮಾನ ತಪ್ಪಿದರೆ ಪೆಟ್ಟಿಗೆಯೊಳಗೆ ನೀರು ತಣ್ಣಗಾಗಿ ಕೆಲವು ಸತ್ತೇ ಬರುತ್ತವೆ. ಸತ್ತದ್ದಕ್ಕೆ ಬಾಡಿಗೆ ವಾಪಸ್ ಕೊಡುವವರು ಯಾರೂ ಇಲ್ಲ. ಇದು ಸಾಲದು ಅಂತ, 2024ರ ಜುಲೈನಲ್ಲಿ ಅಮೆರಿಕದ ಸಾಗರ, ಹವಾಮಾನ ಸಂಸ್ಥೆ ನೋವಾ 10 ಜಾತಿಯ ಜಯಂಟ್ ಕ್ಲ್ಯಾಮ್‌ಗಳನ್ನು ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ತರುವ ಪ್ರಸ್ತಾವ ಮುಂದಿಟ್ಟಿತು. ಆ ಸುದ್ದಿ ಬಂದದ್ದೇ ತಡ, ನಮಗೆ ಮಾಲು ಕೊಡುವ ಸಗಟು ವ್ಯಾಪಾರಿ ದರ ಏರಿಸಿದರು.

ಇನ್ನು ಕರೆಂಟು. ಟೆಕ್ಸಾಸ್ ಬೇಸಿಗೆಯಲ್ಲಿ ನೀರನ್ನು 25–26 ಡಿಗ್ರಿಯಲ್ಲಿ ಇಡಲು ಚಿಲ್ಲರ್ (ನೀರು ತಣಿಸುವ ಯಂತ್ರ) ಹಗಲೂ ರಾತ್ರಿ ಓಡುತ್ತದೆ. 2021ರ ಫೆಬ್ರವರಿಯಲ್ಲಿ ಹಿಮ ಬಿದ್ದು ಕರೆಂಟು ಹೋದಾಗ ನಿಮ್ಮಲ್ಲಿ ಎಷ್ಟು ಜನ ಬಕೆಟ್ ಹಿಡಿದು ನಮ್ಮ ಬಾಗಿಲಿಗೆ ಬಂದಿರಿ, ನೆನಪಿದೆಯಲ್ಲ? ಆಮೇಲೆ ಕೊಂಡ ಜನರೇಟರ್‌ನ ಸಾಲ ಇನ್ನೂ ತೀರಿಲ್ಲ. ಅದೂ ಈ ಬೆಲೆಯೊಳಗೇ ಇದೆ. ಮಂಗಳೂರಿನ ಗ್ರಾಹಕರೊಬ್ಬರು ‘ಇಷ್ಟು ದುಡ್ಡಿಗೆ ಒಂದು ಮೂಟೆ ಮರುವಾಯಿ (ಕರಾವಳಿಯಲ್ಲಿ ತಿನ್ನುವ ಚಿಪ್ಪುಜೀವಿ) ಬರ್ತಿತ್ತು ಮಾರಾಯ್ರೇ’ ಅಂತ ಬಂದಾಗೆಲ್ಲ ನಗುತ್ತಾರೆ. ನಗಲಿ, ಆದರೆ ಅವರು ಕೊಂಡ ಸ್ಕ್ವಾಮೋಸಾ ಜಾತಿಯ ಕ್ಲ್ಯಾಮ್ ಈಗ ಅಂಗೈಗಿಂತ ದೊಡ್ಡದು.

ಎಲ್ಲರೂ ಹೇಳುವ ದೂರು ಒಂದೇ: ‘ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ನಾಳೆಯೇ ಮನೆಗೆ ಬರುತ್ತದೆ. ನೀವು ಸುಮ್ನೆ 3 ವಾರ ಇಟ್ಟುಕೊಂಡು ರೇಟು ಏರಿಸ್ತೀರಿ.’

ಸುಮ್ನೆ ಇಡುವುದಿಲ್ಲ, ಸ್ವಾಮಿ. ಕ್ಲ್ಯಾಮ್ ಸಾಯುವುದು ನಿಧಾನವಾಗಿ. ದಾರಿಯಲ್ಲಿ ಆದ ಪೆಟ್ಟು ಹಲವು ಸಲ ಎರಡು ಮೂರು ವಾರದ ಮೇಲೆ ಕಾಣುತ್ತದೆ. ಅಷ್ಟರಲ್ಲಿ ಅದು ನಿಮ್ಮ ಟ್ಯಾಂಕಿನಲ್ಲಿರುತ್ತದೆ, ಆನ್‌ಲೈನ್‌ನವರ ಗ್ಯಾರಂಟಿ ಮುಗಿದಿರುತ್ತದೆ. ಅದರ ಬುಡದಲ್ಲಿ ದಾರದಂಥ ಎಳೆಗಳಿರುತ್ತವೆ, ಅವುಗಳಿಂದಲೇ ಕಲ್ಲಿಗೆ ಅಂಟಿಕೊಳ್ಳುವುದು. ಯಾರೋ ಅವಸರದಲ್ಲಿ ಕಿತ್ತಿದ್ದರೆ ಒಳಗಿನ ಪಾದವೇ ಹರಿದಿರುತ್ತದೆ. ಅದು ಮೇಲಿಂದ ಕಾಣುವುದೇ ಇಲ್ಲ. ಇನ್ನೊಂದು, ಪಿರಮಿಡ್ ಬಸವನಹುಳು. ಅಕ್ಕಿಕಾಳಿನಷ್ಟೂ ಇರುವುದಿಲ್ಲ. ಹಗಲಲ್ಲಿ ಚಿಪ್ಪಿನ ಬುಡದಲ್ಲಿ ಅಡಗಿ, ರಾತ್ರಿ ಮೇಲೆ ಬಂದು ಕ್ಲ್ಯಾಮ್‌ನ ರಸ ಹೀರುತ್ತದೆ. ನಾವು ರಾತ್ರಿ ಟಾರ್ಚ್ ಹಿಡಿದು ಹುಡುಕಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯುತ್ತೇವೆ. ಮೊಟ್ಟೆ ಉಳಿದಿದ್ದರೆ ಮತ್ತೆ ಮರಿ ಬರುತ್ತದೆ, ಅದಕ್ಕೇ ಒಂದು ವಾರ ಸಾಲುವುದಿಲ್ಲ. ಕೆಲವು ಕ್ಲ್ಯಾಮ್‌ಗಳ ಮೇಲಿನ ಬಣ್ಣದ ಅಂಚು ಚಿವುಟಿದ ಹಾಗೆ ಮುದುರಿಕೊಳ್ಳುತ್ತದೆ. ಅಂಥವನ್ನು ಬೇರೆ ಮಾಡಿ, ಉಷ್ಣತೆ, ಪಿಎಚ್ ಎರಡನ್ನೂ ಸರಿಹೊಂದಿಸಿದ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಬೇಕು. ಬದುಕದೇ ಹೋದರೆ ನಷ್ಟ ನಮ್ಮದು. ಅರ್ಧ ಬೆಲೆಗೆ ಕೊಡುವವರು ಆ ನಷ್ಟವನ್ನು ನಿಮ್ಮ ಮನೆಗೆ ಕೊರಿಯರ್ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ನೀರು ತನ್ನಿ ಅಂದದ್ದಕ್ಕೂ ಕೆಲವರಿಗೆ ಸಿಟ್ಟು. ‘ಹೆಣ್ಣು ಕೊಡೋರ ಹಾಗೆ ಪ್ರಶ್ನೆ ಕೇಳ್ತೀರಲ್ಲ’ ಅಂದರು ಒಬ್ಬರು. ಕೇಳಲೇಬೇಕು. ಕ್ಲ್ಯಾಮ್ ಚಿಪ್ಪು ಕಟ್ಟಿಕೊಳ್ಳುವುದು ನೀರಿನ ಕ್ಯಾಲ್ಸಿಯಂನಿಂದ. ಅದು ಲೀಟರಿಗೆ 400ರಿಂದ 450 ಮಿಲಿಗ್ರಾಂ ಒಳಗೆ, ಆಲ್ಕಲಿನಿಟಿ (ನೀರಿನ ಕ್ಷಾರದ ಅಳತೆ) 8–9 ಡಿಗ್ರಿಯ (ಡಿಕೆಎಚ್) ಹತ್ತಿರ ಇರಲಿ. ಒಂದೇ ಅಂಕಿಯಲ್ಲಿ ನಿಲ್ಲುವುದು ಮುಖ್ಯ, ಇವತ್ತು 7 ನಾಳೆ 10 ಆದರೆ ಕಷ್ಟ. ನೈಟ್ರೇಟ್ ಸೊನ್ನೆ ಅಂತ ಹೆಮ್ಮೆಯಿಂದ ಹೇಳುವವರಿಗೆ ನಾನು ಕ್ಲ್ಯಾಮ್ ಕೊಡಲು ಹಿಂದೆಮುಂದೆ ನೋಡುತ್ತೇನೆ. ಅದರ ಮೈಯೊಳಗಿನ ಪಾಚಿಯೇ ಬೆಳಕಿನಿಂದ ಊಟ ಮಾಡಿ ಹಾಕುವುದು, ಆ ಪಾಚಿಗೆ ಸ್ವಲ್ಪ ನೈಟ್ರೇಟ್ ಬೇಕು. ತೀರಾ ತೊಳೆದಿಟ್ಟ ನೀರಿನಲ್ಲಿ ಬಣ್ಣ ಮಾಸುತ್ತದೆ. ಟ್ಯಾಂಕ್ ಹಾಕಿ ಆರು ತಿಂಗಳಾದರೂ ಆಗಿರಲಿ, ವರ್ಷವಾದರೆ ಇನ್ನೂ ಒಳ್ಳೆಯದು.

ಬೆಳಕಿನದ್ದೂ ಹೇಳಿಬಿಡುತ್ತೇನೆ. ನೀಲಿ ಮ್ಯಾಕ್ಸಿಮಾ, ಕ್ರೋಸಿಯಾ ಜಾತಿಗಳು ನೋಡಲು ಚೆಂದ. ಆದರೆ ಜೋರು ಬೆಳಕಿಲ್ಲದೆ ಬಾಳುವುದಿಲ್ಲ. ಎಲ್‌ಇಡಿ ಸಾಧಾರಣದ್ದಾದರೆ ಡೆರಾಸಾ ಅಥವಾ ಸ್ಕ್ವಾಮೋಸಾ ತೆಗೆದುಕೊಳ್ಳಿ, ಮರಳ ಮೇಲೆ ಕೆಳಗೆ ಒಂದು ಚಪ್ಪಟೆ ಕಲ್ಲಿಟ್ಟು ಕೂರಿಸಿ. ಡೆರಾಸಾ ಅರ್ಧ ಮೀಟರ್‌ವರೆಗೂ ಬೆಳೆಯುತ್ತದೆ, ಅದನ್ನು ಮನೆಯವರಿಗೂ ಮೊದಲೇ ಹೇಳಿ. ಕ್ಲ್ಯಾಮ್ ಕಚ್ಚುವ ಚಾಳಿಯ ಕುಬ್ಜ ಏಂಜೆಲ್ ಮೀನು ಇದ್ದರೆ ಕ್ಲ್ಯಾಮ್ ಆಸೆ ಬಿಟ್ಟರೆ ಒಳ್ಳೆಯದು.

ಬೆಂಗಳೂರಿನ ತಮ್ಮನ ಟ್ಯಾಂಕಿಗೆ ಒಂದು ಒಯ್ಯಬಹುದಾ ಅಂತ ಪ್ರತಿ ರಜೆಗೂ ಯಾರಾದರೂ ಕೇಳುತ್ತೀರಿ. ಭಾರತದಲ್ಲಿ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಜೀವಂತವಾಗಲಿ ಖಾಲಿ ಚಿಪ್ಪಾಗಲಿ, ಊರಿಗೆ ಒಯ್ಯಲು ನಾವು ಕೊಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೇ ಬೆಲೆಯೇ. ನಮ್ಮಲ್ಲಿ ಕೊಂಡ ಕ್ಲ್ಯಾಮ್ ಎಷ್ಟೇ ಹಳೆಯದಾಗಿರಲಿ, ನೀರು ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಟ್ಯಾಂಕಿಗೆ ಹಿಡಿಸದಷ್ಟು ಬೆಳೆದರೆ ವಾಪಸ್ ತನ್ನಿ, ನಾವು ಇಟ್ಟುಕೊಳ್ಳುತ್ತೇವೆ. ನೆರಳು ಬಿದ್ದರೂ ಬಾಯಿ ಮುಚ್ಚುತ್ತಿಲ್ಲ, ಅಥವಾ ನಡುವಿನ ರಂಧ್ರ ಅಗಲವಾಗಿ ತೆರೆದೇ ಇದೆ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ನನ್ನ ನಂಬರ್ ನಿಮ್ಮ ಹತ್ತಿರ ಇದೆ, ರಾತ್ರಿಯಾದರೂ ಪರವಾಗಿಲ್ಲ. ಬೈಯುವುದಿದ್ದರೆ ಮಾತ್ರ ಹಗಲು ಮಾಡಿ.

ನೀರನ್ನು ಶುಭ್ರವಾದ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿಸಿ, ಅದೇ ದಿನ ತನ್ನಿ. ಸೋಪು ಹಾಕಿ ತೊಳೆದ ಬಾಟಲಿ ಬೇಡ. ಶನಿವಾರ ಗದ್ದಲ ಜಾಸ್ತಿ, ವಾರದ ಸಂಜೆ ಬಂದರೆ ಕೂತು ಮಾತಾಡಬಹುದು.

ಇಂತಿ,
ನಿಮ್ಮ ರೀಫ್ ಅಂಗಡಿಯವರು