ದಾಕ್ಷಿಣ್ಯಕ್ಕೆ ಮಗು ತಗೋಬೇಡ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಡಿಕೇರಿಯಲ್ಲಿ ಡೇ ಕೇರ್ ಶುರು ಮಾಡ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ಗೋಡೆಗೆ ಬಣ್ಣ, ಆಟದ ಸಾಮಾನು ಅದೆಲ್ಲ ನೀನೇ ಚೆನ್ನಾಗಿ ನೋಡಿಕೊಳ್ತೀಯ. ನನ್ನ ಭಯ ಬೇರೆ. ನಿನಗೆ ಯಾರಿಗೂ ಇಲ್ಲ ಅನ್ನೋಕೆ ಬರಲ್ಲ. ನಾನು ಅಂಗನವಾಡಿಯಲ್ಲಿ ಇದ್ದಷ್ಟು ವರ್ಷ ನೋಡಿದ್ದೇನೆ. ಮಕ್ಕಳಿರುವ ಕಡೆ ಎಡವಟ್ಟುಗಳು ಜಾಸ್ತಿ ಆಗುವುದೇ ದಾಕ್ಷಿಣ್ಯದಿಂದ.

ನಮ್ಮದು ಸಣ್ಣ ಊರು. ಬರುವವರಲ್ಲಿ ಒಬ್ಬರು ನೆಂಟರು, ಇನ್ನೊಬ್ಬರು ನಿಮ್ಮಪ್ಪನ ಸ್ನೇಹಿತರು. ‘ಇದೊಂದು ಮಗು ನಿನಗೆ ಭಾರ ಆಗುತ್ತಾ?’ ಅಂತ ಕೇಳ್ತಾರೆ. ಆಗುತ್ತೆ ಪುಟ್ಟಿ. ಇನ್ನೂ ನಡೆಯದ ಕೂಸುಗಳಾದರೆ ಒಬ್ಬ ಆಯಾಗೆ ಮೂರೇ ಸಾಕು. ಒಂದರ ಬಟ್ಟೆ ಬದಲಿಸುವಾಗ ಉಳಿದೆರಡರ ಮೇಲೂ ಅವಳ ಕಣ್ಣಿರಬೇಕಲ್ವಾ? ಒಟ್ಟು ಎಷ್ಟು ಮಕ್ಕಳು ಅಂತ ಈಗಲೇ ತೀರ್ಮಾನ ಮಾಡು. ಆಮೇಲೆ ಯಾರು ಕೇಳಿದರೂ ಅದನ್ನು ದಾಟಬೇಡ.

ಮಳೆಗಾಲದಲ್ಲಿ ಕಷ್ಟ ಜಾಸ್ತಿ. ಡಿ.ಸಿ. ಶಾಲೆಗಳಿಗೆ ರಜೆ ಕೊಡ್ತಾರೆ, ಅಪ್ಪ ಅಮ್ಮನಿಗೆ ರಜೆ ಇರಲ್ಲ. ಆಗ ಚಿಕ್ಕದರ ಜೊತೆ ಮೂರನೇ ಕ್ಲಾಸಿನ ಅಣ್ಣನನ್ನೂ ತಂದು ಬಿಡ್ತಾರೆ. ಅವನು ಓಡಾಡುವ ಕೋಣೆಯಲ್ಲಿ ತೆವಳುವ ಕೂಸು ಇರಬಾರದು. ಬೇರೆ ಕೋಣೆ, ಬೇರೆ ಆಳು ಇದ್ದರೆ ಮಾತ್ರ ಒಪ್ಪಿಕೋ. ಜ್ವರ ಬಂದ ಮಗುವಿಗೆ ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಕರೆತರುತ್ತಾರೆ, ಮಧ್ಯಾಹ್ನಕ್ಕೆ ಮೈ ಮತ್ತೆ ಸುಡುತ್ತೆ. ಥರ್ಮಾಮೀಟರ್ ಕೈಗೆ ಸಿಗುವ ಹಾಗೆ ಇಟ್ಟುಕೋ. 100.4 ಡಿಗ್ರಿ ಮುಟ್ಟಿತೋ, ಫೋನ್ ಮಾಡಿ ಕರೆಸು. ತಾಯಿಗೆ ಕಷ್ಟ, ನಿಜ. ಉಳಿದ ಮಕ್ಕಳಿಗೂ ಹತ್ತಿದರೆ ಇನ್ನಷ್ಟು ತಾಯಂದಿರಿಗೆ ಕಷ್ಟ.

ಇದೊಂದನ್ನು ಮಾತ್ರ ಮರೀಲೇಬೇಡ. ನಮ್ಮ ಕಡೆ ಮಳೆಯಲ್ಲಿ ಬಟ್ಟೆ ಒಣಗದಿದ್ದರೆ ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸ್ತಾರೆ. ಚಳಿಗೆ ಕೋಣೆಯೊಳಗೇ ಇದ್ದಿಲಿನ ಅಗ್ಗಿಷ್ಟಿಕೆ ಇಡುವವರೂ ಇದ್ದಾರೆ. ಮಕ್ಕಳು ಮಲಗುವ ಕಡೆ ಅದು ಬೇಡವೇ ಬೇಡ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಅದರ ಬದಲು ಪ್ರತಿ ಮಗುವಿಗೂ ನಾಲ್ಕೈದು ಜೊತೆ ಬಟ್ಟೆ ತರೋಕೆ ಹೇಳು.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಇಲ್ಲದ ಹಾಗಾಗಿತ್ತು. ಅಂಥ ಸಂಜೆ ತಾಯಿ ಬರೋಕೆ ಆಗದಿದ್ದರೆ ಮಗು ರಾತ್ರಿ ನಿನ್ನ ಹತ್ತಿರವೇ ಇರಬೇಕು. ಹಾಲಿನ ಪುಡಿ, ಅಕ್ಕಿ, ಕಂಬಳಿ, ಟಾರ್ಚು ಯಾವಾಗಲೂ ಇರಲಿ. ಮಗುವನ್ನು ಯಾರ ಕೈಗೆ ಕೊಡಬಹುದು ಅಂತ ತಾಯಿಯಿಂದ ಬರೆಸಿಕೋ. ‘ನಾನು ಅವಳ ಮೈದುನ, ಗುರುತು ಸಿಗಲಿಲ್ವಾ?’ ಅಂದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ತಾಯಿಗೆ ಫೋನ್ ಮಾಡು. ಅವರಿಗೆ ಬೇಜಾರಾದರೆ ಆಗಲಿ. ಹಾಗೆಯೇ, ಯಾರಾದರೂ ಪ್ರೀತಿಯಿಂದ ಕೊಡಗಿನ ಜೇನು ತಂದುಕೊಟ್ಟರೂ ವರ್ಷ ತುಂಬದ ಕೂಸಿಗೆ ನೆಕ್ಕಿಸಬೇಡ.

ದುಡ್ಡಿನ ವಿಷಯ. ‘ಕಾಫಿ ಮಾರಿದ ಮೇಲೆ ಒಟ್ಟಿಗೆ ಕೊಡ್ತೀವಿ’ ಅನ್ನುವವರು ಸಿಗ್ತಾರೆ. ಬಾಡಿಗೆ, ಆಯಾ ಸಂಬಳ ಕಾಫಿ ಮಾರುವವರೆಗೆ ಕಾಯಲ್ಲ. ತಿಂಗಳ ಶುರುವಿಗೇ ಫೀಸು ತಗೋ. ಮಗು ವಾರ ಬರದಿದ್ದರೆ ಎಷ್ಟು ಅನ್ನುವುದೂ ಮೊದಲೇ ಗೊತ್ತಿರಲಿ. ಆಯಾಗೆ ಸಂಬಳ ಕಡಿಮೆ ಮಾಡಿ ಉಳಿಸೋಕೆ ಹೋಗಬೇಡ. ಕಾಫಿ ಕುಯ್ಲು ಶುರುವಾದರೆ ತೋಟದಲ್ಲಿ ಜಾಸ್ತಿ ಸಿಗುತ್ತೆ ಅಂತ ಹೊರಟುಬಿಡ್ತಾಳೆ. ದಿನಾ ಎತ್ತಿಕೊಂಡವಳು ಕಾಣದಿದ್ದರೆ ಮಕ್ಕಳು ಅತ್ತೂ ಅತ್ತೂ ಸೊರಗುತ್ತವೆ.

ಒಂದು ಕಡೆ ಹೀಗಾಗಿತ್ತು. ಒಂದು ಮಗು ಇನ್ನೊಂದರ ತೋಳು ಕಚ್ಚಿತು. ತಾಯಿ ಬೈದಾಳು ಅಂತ ಆಯಾ ಕೊಬ್ಬರಿ ಎಣ್ಣೆ ಸವರಿ, ತುಂಬುತೋಳಿನ ಸ್ವೆಟರ್ ಹಾಕಿ ಕಳಿಸಿದಳು. ರಾತ್ರಿ ಸ್ನಾನ ಮಾಡಿಸುವಾಗ ಹಲ್ಲಿನ ಗುರುತು ಸಾಲಾಗಿ ಕಂಡಿತು. ಮರುದಿನದಿಂದ ಆ ಮಗು ಬರಲಿಲ್ಲ. ಮಕ್ಕಳು ಕಚ್ಚುವುದು ಯಾವ ತಾಯಿಗೆ ಗೊತ್ತಿಲ್ಲ? ಮುಚ್ಚಿಟ್ಟಿದ್ದು ಅವಳಿಗೆ ನೋವಾಯಿತು. ಗೀಚು ಗಾಯವಾದರೂ ಸಂಜೆ ಬಾಗಿಲಲ್ಲೇ, ನಿನ್ನ ಬಾಯಿಂದಲೇ ಹೇಳು.

ಹಗಲು ತಾಯಂದಿರು ಬಂದರೆ ಬಾಗಿಲು ಹಾಕಬೇಡ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಅವರ ಮಕ್ಕಳನ್ನು ನೋಡಿಕೊಳ್ಳೋಕೆ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತ 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಗೆ ಸೇರಿಸಿದರು. ನಿನ್ನದು ಸಣ್ಣ ಮನೆ, ಆ ಕಾನೂನಿಗೆ ಸೇರದೇ ಇರಬಹುದು. ಆದರೂ ಆ ನಾಲ್ಕು ಸಲ ನಿನ್ನಲ್ಲೂ ಇರಲಿ.

ಮಗು ಸೇರಿಸುವ ಫಾರಂ ಬರೆದಿದ್ದರೆ ವಾಟ್ಸಾಪಿನಲ್ಲಿ ಕಳಿಸು, ನೋಡಿ ಹೇಳ್ತೀನಿ. ಆಯಾ ಸಿಗದಿದ್ದರೂ ಹೇಳು, ನಮ್ಮ ಸೋಮವಾರಪೇಟೆ ಕಡೆ ಒಬ್ಬಳು ಒಳ್ಳೆಯವಳಿದ್ದಾಳೆ.

ನಿನ್ನ ಪ್ರೀತಿಯ
ದೊಡ್ಡಮ್ಮ